ಸಿದ್ಧಾಂತದ ಸಾಧನೆ ಮತ್ತು ಖಂಡನೆ

‘ವಿಜ್ಞಾನವು ಸಾಧಿಸಿ ತೋರಿಸಿದೆ’ ಎಂಬ ಮಾತನ್ನು ನಾವು ಉಪಾಧ್ಯಾಯರು ತರಗತಿಯಲ್ಲಿಯೂ ಸಂಶೋಧನ ಲೇಖನಗಳಲ್ಲಿಯೂ ಧಾರಾಳವಾಗಿ ಬಳಸುತ್ತೇವೆ. ಇದು ಎಷ್ಟರಮಟ್ಟಿಗೆ ನಿಲ್ಲತಕ್ಕ ಮಾತೆಂಬುದು ವಿಚಾರಾರ್ಹವಾಗಿದೆ. ಎಷ್ಟು ನಿದರ್ಶನಗಳನ್ನು ಕೂಡಿಹಾಕಿದರೂ ಸಿದ್ಧಾಂತವನ್ನು ಸಾಧಿಸಲಾಗದು, ವಿರುದ್ಧವಾದ ಒಂದೇ ನಿದರ್ಶನದಿಂದ ಅದನ್ನು ಖಂಡಿಸಬಹುದು ಎಂದು ಕಾರ್ಲ್ ಪಾಪರ್ 1934ರ ತಮ್ಮ ಜರ್ಮನ್ ಗ್ರಂಥದಲ್ಲಿ ವಾದಿಸಿದರು. ತರ್ಕದೃಷ್ಟಿಯಿಂದ ಇದು ಸರಿಯೆ. ಆದರೆ ಖಂಡನೆಯಾದರೂ ಅಷ್ಟು ಸುಲಭವೆ?

ಸಿ. ವಿ. ರಾಮನ್ನರ ಶೋಧವನ್ನೇ ನೋಡೋಣ. 1923ರಲ್ಲಿ ಕಲ್ಕತ್ತೆಯಲ್ಲಿ ಅವರ ಶಿಷ್ಯ ಕೆ. ಆರ್. ರಾಮನಾಥನ್ ದ್ರವಗಳಲ್ಲಿ ಚದರಿದ ಬೆಳಕನ್ನು ಪರೀಕ್ಷಿಸುತ್ತಿದ್ದಾಗ, ಬಣ್ಣ ಬದಲಾದ ಕ್ಷೀಣವಾದ ಬೆಳಕೊಂದು ಕಂಡಿತು. ದ್ರವದಲ್ಲಿನ ಕಲ್ಮಷದ ಪ್ರತಿದೀಪ್ತಿ ಇದೆಂದು ಆಗ ಊಹಿಸಿದರು. ದ್ರವವನ್ನು ಮತ್ತೆ ಮತ್ತೆ ಬಟ್ಟಿಯಿಳಿಸಿ ಶುದ್ಧಗೊಳಿಸಿದರೂ ಆ ಬೆಳಕು ಹೋಗಲಿಲ್ಲ. ಊಹೆ ಅಲ್ಲಿಗೆ ಬಿದ್ದುಹೋಯಿತೆ? ಇಲ್ಲ, ‘ಕಲ್ಮಷವು ಇನ್ನೂ ಉಳಿದಿರಬೇಕು’ ಎನ್ನಲು ದಾರಿಯಿತ್ತು. ಆ ಬೆಳಕು ಬಲವಾಗಿ ಧ್ರುವೀಕರಣ ಹೊಂದಿರುವುದನ್ನು 1928ರ ಆರಂಭದಲ್ಲಿ ಕೆ. ಎಸ್. ಕೃಷ್ಣನ್ ಕಂಡ ಮೇಲೆಯೇ ಪ್ರತಿದೀಪ್ತಿಯ ವಾದಕ್ಕೆ ನೆಲೆ ತಪ್ಪಿತು. ಮಾರ್ಚ್ 16ರಂದು ಬೆಂಗಳೂರಿನಲ್ಲಿ ರಾಮನ್ನರು ಹೊಸ ವಿಕಿರಣವನ್ನು ಕುರಿತು ಉಪನ್ಯಾಸ ಮಾಡಿದರು. ಕ್ಷೀಣವಾದ ಒಂದು ಊಹೆಯನ್ನು ಕೆಡಹಲು ಐದು ವರ್ಷ ಹಿಡಿಯಿತು!

ಪ್ರಯೋಗವು ಸಿದ್ಧಾಂತವೊಂದನ್ನೇ ಒಂಟಿಯಾಗಿ ಪರೀಕ್ಷಿಸುವುದಿಲ್ಲ. ದ್ರವದ ಶುದ್ಧಿ, ಬಣ್ಣದ ಗಾಜು, ನೋಡುವ ಕಣ್ಣು ಇವೆಲ್ಲವೂ ಅದರೊಡನೆ ಪರೀಕ್ಷೆಗೆ ಕೂಡುತ್ತವೆ. ಇದನ್ನು ಪಾಪರರು ಅರಿಯದವರಲ್ಲ. ಸಿದ್ಧಾಂತವನ್ನು ಉಳಿಸುವ ನೆಪಗಳಿಗೆ ಎಡೆಗೊಡಬಾರದೆಂದರು. ಆದರೆ ಕೆಲವು ವೇಳೆ ನೆಪವೇ ನಿಜವಾಗುತ್ತದೆ. ಯುರೇನಸ್ಸಿನ ನಡೆ ನ್ಯೂಟನ್ನನ ಲೆಕ್ಕಕ್ಕೆ ಹೊಂದದಿದ್ದಾಗ ಕಾಣದ ಗ್ರಹವೊಂದನ್ನು ಊಹಿಸಿದರು. 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ವಿಷಯದಲ್ಲಿಯೂ ಹಾಗೆಯೇ ಊಹಿಸಿದರು. ಗ್ರಹ ಸಿಗಲೇ ಇಲ್ಲ.

ಶಾಸನಶೋಧಕರಿಗೂ ಇದು ಅನ್ವಯಿಸುತ್ತದೆ. ರಾಯದುರ್ಗದ ನೆರೆಯ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ ಶಾಸನವನ್ನು ಬಿ. ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದರು. ಅಲ್ಲಿರುವುದು ‘ದೇವಾನಾಂಪಿಯ’ ಎಂಬ ಬಿರುದು ಮಾತ್ರ. ಆ ಬಿರುದಿನ ಅರಸನು ಅಶೋಕನೆಂಬುದು 1837ರಿಂದಲೂ ಇದ್ದ ಊಹೆ. 1915ರಲ್ಲಿ ಮಸ್ಕಿಯಲ್ಲಿ ಬಿರುದಿನೊಡನೆ ಹೆಸರೂ ದೊರೆಯಿತು. ಆ ಶಾಸನವು ಮೊದಲಿನ ಊಹೆಯನ್ನು ಕೆಡಹಬಹುದಾಗಿತ್ತು, ಕೆಡಹಲಿಲ್ಲ. ಇದನ್ನು ‘ಸಾಧನೆ’ ಎನ್ನಲು ನನಗೆ ಸಂಕೋಚವಿಲ್ಲ. ಒಬ್ಬ ಅರಸನ ಹೆಸರು ಬೇರೆ, ಎಲ್ಲ ಕಾಲ ದೇಶಗಳಿಗೂ ಸಲ್ಲುವ ನಿಯಮ ಬೇರೆ. ಪಾಪರರ ಮಾತು ಎರಡನೆಯದಕ್ಕೆ ಸೇರಿದ್ದು.

ಗಡಿನಾಡಿನ ನಾವು ಅಭಿಮಾನದ ಭರದಲ್ಲಿ ಈ ಎರಡನ್ನೂ ಬೆರೆಸುತ್ತೇವೆ. ಮಡಕಶಿರೆಯ ಹೇಮಾವತಿ ನೊಳಂಬರ ರಾಜಧಾನಿ. ಅಲ್ಲಿ ಕನ್ನಡ ಶಾಸನಗಳಿವೆ. ಇದರಿಂದ ‘ಈ ಸೀಮೆಯಲ್ಲಿ ಅಂದು ಕನ್ನಡವಲ್ಲದೆ ಬೇರೆ ನುಡಿಯೇ ಇರಲಿಲ್ಲ’ ಎಂದು ಬರೆದರೆ, ನಾಳೆ ಹೊಲದಲ್ಲಿ ನೇಗಿಲಿಗೆ ಸಿಕ್ಕುವ ಒಂದು ತೆಲುಗು ಕಲ್ಲು ಆ ವಾಕ್ಯವನ್ನು ಉರುಳಿಸುತ್ತದೆ. ‘ನೊಳಂಬರು ಇಲ್ಲಿ ಕನ್ನಡದಲ್ಲಿ ಶಾಸನ ಬರೆಯಿಸಿದರು’ ಎಂದರೆ ಆ ಕಲ್ಲಿನಿಂದ ಅದಕ್ಕೇನೂ ಬಾಧೆಯಿಲ್ಲ.