ಷೆಡ್ಡಿಗೂ ಮೊದಲು ಮೇವು

ದಾವಣಗೆರೆಯಲ್ಲಿ ಹಂದಿ ಅಂದರೆ ಜನಕ್ಕೆ ನೆನಪಾಗುವುದು ಚರಂಡಿ, ಆಮೇಲೆ ಪಾಲಿಕೆಯ ಹಂದಿ ಹಿಡಿಯುವ ಗಾಡಿ. ಹೀಗಾಗಿ ‘ಹಂದಿ ಸಾಕ್ತೀನಿ’ ಅಂದವನನ್ನು ಮನೆಯವರೇ ಅನುಮಾನದಿಂದ ನೋಡುತ್ತಾರೆ. ಬೀದಿಗೆ ಬಿಟ್ಟು ಮೇಯಿಸುವ ಕಾಲ ಮುಗಿಯಿತು, ಸರಿ. ಆದರೆ ಹಂದಿಜೋಗಿ, ಕೊರಮ, ಕೊರಚ ಹಿರಿಯರಿಗೆ ಈ ಪ್ರಾಣಿ ಗೊತ್ತಿರುವಷ್ಟು ಯೂಟ್ಯೂಬಿಗೆ ಗೊತ್ತಿಲ್ಲ. ಮೊದಲ ಪಾಠಕ್ಕೆ ಅವರ ಹತ್ತಿರ ಹೋಗಿ ಕೂರುವುದು ಒಳ್ಳೆಯದು.

ಹೊಸಬರು ಬಂದ ಕೂಡಲೇ ಕೇಳುವುದು ಸಬ್ಸಿಡಿ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಶೇ 50ರಷ್ಟು ಸಹಾಯಧನವಿದೆ. 100 ಹೆಣ್ಣು, 10 ಗಂಡು ಸಾಕುವ ಘಟಕಕ್ಕೆ 30 ಲಕ್ಷ ರೂಪಾಯಿಯವರೆಗೂ ಸಿಗುತ್ತದೆ. ಒಂದು ಹಂದಿಯ ಬೆನ್ನು ಸವರದವನಿಗೆ ಅದು ಸಾಲದ ದಾರಿ. ಹಾಲು ಬಿಟ್ಟ ಐದಾರು ಯಾರ್ಕ್‌ಷೈರ್ ಮರಿ ತಂದು, 90 ಕೆಜಿ ಬರುವವರೆಗೆ ಸಾಕಿ, ಮಾರಿ ನೋಡಿ. ಹೆಣ್ಣು ಹಂದಿ ಆಮೇಲೆ.

ಒಂದು ಕೆಜಿ ತೂಕ ಏರಬೇಕಾದರೆ ಮೂರೂವರೆಯಿಂದ ನಾಲ್ಕು ಕೆಜಿ ಮೇವು ಬೇಕು. ಲಾಭ-ನಷ್ಟ ಇಲ್ಲೇ ತೀರ್ಮಾನ. ನಮ್ಮ ಅದೃಷ್ಟಕ್ಕೆ ಸುತ್ತಲೂ ಮೆಕ್ಕೆಜೋಳ. ಭದ್ರಾ ನೀರಿನ ಭತ್ತದಿಂದಾಗಿ ಹರಿಹರದವರೆಗೂ ರೈಸ್‌ಮಿಲ್ಲು, ತೌಡು. ಅಗ್ಗ ಅಂತ ತೌಡನ್ನೇ ಸುರಿದರೆ ಕೊಬ್ಬು ಮೆತ್ತಗಾಗಿ ಜೋಲುತ್ತದೆ. ಪಂದಿ ಕರಿ ತಿಂದು ಬೆಳೆದ ಕೊಡಗಿನವರಿಗೆ ಅಂಥ ಮಾಂಸ ತೋರಿಸಲೇಬೇಡಿ. ಹಳೆಯ ತೌಡು ಕಮಟು ಹಿಡಿಯುತ್ತದೆ, ಮೂಸಿ ಕೊಳ್ಳಬೇಕು. ಸುಗ್ಗಿಯಲ್ಲಿ ರಸ್ತೆ ಮೇಲೆ ಹರವಿದ ಮೆಕ್ಕೆಜೋಳ ಮಳೆಗೆ ಸಿಕ್ಕು ಬೂಷ್ಟು ಬಂದಿದ್ದರೆ ಬಿಟ್ಟಿ ಕೊಟ್ಟರೂ ಬೇಡ, ಗಬ್ಬದ ಹಂದಿ ಕಂದು ಹಾಕೀತು.

ಇನ್ನು ಹೋಟೆಲ್ ಮುಸುರೆ. ಬೆಣ್ಣೆದೋಸೆ ಊರಲ್ಲಿ ಅದಕ್ಕೇನು ಬರ? ಆದರೆ 2020ರಲ್ಲಿ ಅಸ್ಸಾಂ, ಅರುಣಾಚಲಕ್ಕೆ ಬಂದ ಆಫ್ರಿಕನ್ ಹಂದಿ ಜ್ವರ ಎಂಜಲಿನಲ್ಲಿರುವ ಮಾಂಸದ ಚೂರಿನಿಂದಲೂ ಹರಡುತ್ತದೆ. ಚೆನ್ನಾಗಿ ಕುದಿಸಲು ಸೌದೆ, ತಾಳ್ಮೆ ಎರಡೂ ಇಲ್ಲದವರು ಮುಸುರೆ ಮುಟ್ಟಬಾರದು. ಹಳೆಯ ಹಂದಿಜ್ವರಕ್ಕೆ ಲಸಿಕೆಯಿದೆ, ಅದನ್ನು ತಪ್ಪಿಸಬೇಡಿ.

ಹೆಣ್ಣು ಕೊಳ್ಳುವಾಗ ಮೊಲೆ ಎಣಿಸಿ, 12ಕ್ಕೆ ಕಡಿಮೆ ಬೇಡ. 21 ದಿನಕ್ಕೊಮ್ಮೆ ಬೆದೆ. ಸೊಂಟದ ಮೇಲೆ ಅಂಗೈ ಊರಿ ಒತ್ತಿದರೆ ಕಲ್ಲಿನಂತೆ ನಿಲ್ಲುತ್ತದಲ್ಲ, ಗಂಡಿನ ಹತ್ತಿರ ಬಿಡಬೇಕಾದದ್ದು ಆಗ. ಗಬ್ಬ 114 ದಿನ. ಈದ ಕೆಲವೇ ದಿನಗಳಲ್ಲಿ ಪ್ರತಿ ಮರಿಯೂ ತನ್ನದೊಂದು ಮೊಲೆ ಹಿಡಿದುಕೊಳ್ಳುತ್ತದೆ, ಆಮೇಲೆ ಅದನ್ನು ಬಿಟ್ಟುಕೊಡುವುದಿಲ್ಲ. ಮುಂದಿನ ಮೊಲೆಗಳಲ್ಲಿ ಹಾಲು ಜಾಸ್ತಿ, ಗಟ್ಟಿ ಮರಿಗಳೇ ಅಲ್ಲಿ ಕಚ್ಚಿಕೊಂಡಿರುತ್ತವೆ. ಹಿಂದೆ ಉಳಿದ ಬಡಕಲನ್ನು ಮೊದಲ ದಿನವೇ ಎತ್ತಿ ಮುಂದಕ್ಕೆ ಹಚ್ಚಿದರೆ ಒಂದು ಮರಿ ಉಳಿದಂತೆ. ತಾಯಿ ಮಗ್ಗುಲಾದಾಗ ಮರಿ ಅಡಿಗೆ ಸಿಗದಂತೆ ಗೋಡೆಗುಂಟ ಕಬ್ಬಿಣದ ಪೈಪು ಬೇಕು. ಬೀದಿಯ ಮರಿ ಮಣ್ಣು ಕೆದಕಿ ಕಬ್ಬಿಣಾಂಶ ಪಡೆಯುತ್ತದೆ. ಸಿಮೆಂಟ್ ನೆಲದ ಮರಿಗೆ ಮೂರ್ನಾಲ್ಕನೇ ದಿನ ಇಂಜೆಕ್ಷನ್ನೇ ಗತಿ.

ಬೇಸಿಗೆಯಲ್ಲಿ ನೀರು ಚಿಮುಕಿಸುತ್ತಿರಿ, ಹಂದಿಗೆ ಬೆವರಿ ತಣಿಯಲು ಬರುವುದಿಲ್ಲ. ಗಂಜಲ ತುಂಗಭದ್ರೆಗೆ ಹರಿಯದಿರಲಿ, ತಿಪ್ಪೆಗೆ ಹೋದರೆ ಗೊಬ್ಬರ.

ಮಾರುವ ದಿನ ದಲ್ಲಾಳಿ ಬೇಲಿಯಾಚೆ ನಿಂತು ‘ಎಂಬತ್ತಾಗ್ತದೆ ಬಿಡ್ರೀ’ ಅನ್ನುತ್ತಾನೆ. ನಗುತ್ತಾ ತಕ್ಕಡಿ ಹತ್ತಿಸಿ.