ಸಂತೆಯಲ್ಲಿ ಕನ್ನಡದ ಅಂಗಡಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಅದೇ ದಿನ ಜೋರಿನ್ ಓಎಸ್ 18 ಬಿಡುಗಡೆಯಾಯಿತು. ಉಬುಂಟು 24.04ರ ಮೇಲೆ ಕಟ್ಟಿದ ಈ ಲಿನಕ್ಸ್ ಮನೆಬಳಕೆಯ ಕಂಪ್ಯೂಟರಿಗೆಂದೇ ಸಿದ್ಧವಾದದ್ದು. ವಿಂಡೋಸ್ ಬಿಟ್ಟು ಬರುವವರಿಗೆ ಹೊಸ ಮನೆ ಅಪರಿಚಿತ ಅನ್ನಿಸಬಾರದೆಂಬುದು ಅದರ ಮುಖ್ಯ ಕಾಳಜಿ. ಸುಮಾರು ಒಂದು ತಿಂಗಳಲ್ಲಿ ಹತ್ತು ಲಕ್ಷ ಸಲ ಡೌನ್‌ಲೋಡ್ ಆಯಿತೆಂದೂ, ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ವಿಂಡೋಸ್ ಯಂತ್ರಗಳಿಂದ ಬಂದದ್ದೆಂದೂ ತಯಾರಕರು ಹೇಳಿಕೊಂಡರು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಇಲ್ಲದ ಹಳೆಯ ಯಂತ್ರಗಳಿಗೆ ಇದೊಂದು ದಾರಿ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಪ್ರಬಂಧ ಬರೆಯುತ್ತಿರುವ ನನ್ನಂಥ ಸಂಶೋಧನಾ ವಿದ್ಯಾರ್ಥಿನಿಗೂ ಇದು ಬೇಕಾದ ದಾರಿಯೇ.

ಇದರ ವೇಗ, ಅಂದಚಂದ, ಕಿಟಕಿಗಳನ್ನು ಜೋಡಿಸುವ ಹೊಸ ಸೌಕರ್ಯಗಳ ಬಗ್ಗೆ ತಂತ್ರಜ್ಞರು ಬೇಕಾದಷ್ಟು ಬರೆದಿದ್ದಾರೆ. ನಾನು ನೋಡಬಯಸುವುದು ಯಾರೂ ವಿಮರ್ಶಿಸದ ಒಂದು ಭಾಗವನ್ನು: ಭಾಷೆಗಳ ಪಟ್ಟಿಯಲ್ಲಿ ‘ಕನ್ನಡ’ ಎಂದು ಆರಿಸಿಕೊಂಡಾಗ ಪರದೆಯ ಮೇಲೆ ಬರುವ ಕನ್ನಡವನ್ನು. ಅದೂ ಒಂದು ಪಠ್ಯ. ಒಂದು ಕವಿತೆಯನ್ನು ನಾವು ಎರಡು ಮೂರು ಸಲ ಓದುತ್ತೇವೆ. ‘ಉಳಿಸು’ ಎಂಬ ಪದವನ್ನು ಕಂಪ್ಯೂಟರ್ ಬಳಸುವವರು ವರ್ಷಕ್ಕೆ ಸಾವಿರಾರು ಸಲ ಓದುತ್ತಾರೆ. ಹೀಗಿದ್ದೂ ಕನ್ನಡ ವಿಭಾಗಗಳ ಅನುವಾದದ ಪತ್ರಿಕೆಯಲ್ಲಿ ಇದಕ್ಕೆ ಜಾಗವಿಲ್ಲ.

ಈ ಕನ್ನಡವನ್ನು ಬರೆದವರು ಐರ್ಲೆಂಡಿನಲ್ಲಿರುವ ಜೋರಿನ್ ತಂಡದವರಲ್ಲ. ಪರದೆಯ ಬಹುಪಾಲು 1997ರಲ್ಲಿ ಶುರುವಾದ ಗ್ನೋಮ್ ಯೋಜನೆಗೆ ಸೇರಿದ್ದು. ಅದರ ಅನುವಾದ ಸಾದಾ ಪಠ್ಯ ಕಡತಗಳಲ್ಲಿರುತ್ತದೆ: ಮೇಲೆ ಇಂಗ್ಲಿಷ್ ಸಾಲು, ಕೆಳಗೆ ಕನ್ನಡ ಸಾಲು, ತಲೆಭಾಗದಲ್ಲಿ ಅನುವಾದಕರ ಹೆಸರು ಮತ್ತು ಇಸವಿ. ಯಾರು ಬೇಕಾದರೂ ತೆರೆದು ಓದಬಹುದು. ಗ್ರಂಥಸಂಪಾದನೆ ಓದಿದವರಿಗೆ ಇದು ಪರಿಚಿತ ಲೋಕ. ಹಲವು ಕೈಗಳು ಬೇರೆ ಬೇರೆ ಕಾಲದಲ್ಲಿ ತಿದ್ದಿದ ಒಂದು ಪ್ರತಿ. ಪ್ರತಿ ಬಿಡುಗಡೆಯೂ ಅದರ ಒಂದು ಪಾಠ.

ಮೊದಲು ಗೆದ್ದ ಪದಗಳನ್ನು ನೋಡೋಣ. ಫೈಲ್ ಎಂಬುದಕ್ಕೆ ಇಲ್ಲಿರುವುದು ‘ಕಡತ’. ಸರಕಾರಿ ಕಚೇರಿಯ ಧೂಳು ಅಂಟಿದ ಪದ ಎಂದು ಹಲವರು ಮೂಗು ಮುರಿಯುತ್ತಾರೆ. ಕಚೇರಿಗಿಂತ ಹಿಂದಿನ ಕಡತವೆಂದರೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಹಚ್ಚಿ ಕಪ್ಪಾಗಿಸಿದ, ಪುಸ್ತಕದಂತೆ ಮಡಿಚಿಡುವ ಬಟ್ಟೆ. ಬಳಪದಿಂದ ಬರೆದು, ಬೇಡವಾದಾಗ ಒರೆಸಿ, ಮತ್ತೆ ಬರೆಯಬಹುದಾಗಿತ್ತು. ವ್ಯಾಪಾರಿಗಳು ಅದರಲ್ಲಿ ಲೆಕ್ಕವಿಟ್ಟರು. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರೆಕಾರರಿಗೆ ಆಕರ. ಬರೆಯುವ, ಅಳಿಸುವ, ಮತ್ತೆ ಬರೆಯುವ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಕ್ಕೀತೆ? ‘ಕಸಬುಟ್ಟಿ’ಯೂ ಹಾಗೆಯೇ, ವಿವರಣೆ ಬೇಡದ ಪದ. ‘ತೆರೆ’, ‘ಉಳಿಸು’, ‘ಮುದ್ರಿಸು’ ಎಂಬ ಗುಂಡಿಗಳ ಏಕವಚನವೂ ನನಗೆ ಹಿಡಿಸುತ್ತದೆ. ಅಲ್ಲಿ ಅಪ್ಪಣೆ ಕೊಡುತ್ತಿರುವವರು ನಾವು, ಕೇಳುತ್ತಿರುವುದು ಯಂತ್ರ. ಯಂತ್ರ ನಮ್ಮನ್ನು ಏನಾದರೂ ಕೇಳುವಾಗ ‘ನಮೂದಿಸಿ’ ಎಂದು ಮರ್ಯಾದೆ ಕೊಡುತ್ತದೆ. ಯಾರು ಯಾರಿಗೆ ಹೇಗೆ ಮಾತಾಡಬೇಕೆಂಬುದನ್ನು ಕನ್ನಡ ಕ್ರಿಯಾಪದದಲ್ಲೇ ಇಟ್ಟುಕೊಂಡಿದೆ. ಇಂಗ್ಲಿಷಿನ ಮೂಲದಲ್ಲಿ ಇಲ್ಲದ ಈ ವ್ಯತ್ಯಾಸವನ್ನು ಅನುವಾದಕರು ತಾವೇ ತಂದಿದ್ದಾರೆ.

ಸೋತ ಪದಗಳಲ್ಲಿ ಮೊದಲನೆಯದು ‘ಆರೋಹಿಸು’. ಪೆನ್‌ಡ್ರೈವ್ ಚುಚ್ಚಿದಾಗ ಕಂಪ್ಯೂಟರ್ ಅದನ್ನು ತನ್ನ ಕಡತಗಳ ಮರಕ್ಕೆ ಜೋಡಿಸಿಕೊಳ್ಳುತ್ತದೆ; ಇಂಗ್ಲಿಷಿನಲ್ಲಿ ಅದು ಮೌಂಟ್. ಭಾರವಾದ ಟೇಪು, ಡಿಸ್ಕುಗಳನ್ನು ಕೆಲಸಗಾರರು ಕೈಯಾರೆ ಎತ್ತಿ ಯಂತ್ರಕ್ಕೆ ಕೂರಿಸುತ್ತಿದ್ದ ಕಾಲದ ಪದವದು. ನಿಘಂಟಿನಲ್ಲಿ ಆ ಪದಕ್ಕೆ ಹತ್ತುವ ಅರ್ಥವೂ ಇದೆ. ಕನ್ನಡಕ್ಕೆ ಬಂದದ್ದು ಅದೇ ಅರ್ಥ. ಪಿಯುಸಿ ಓದುವ ನನ್ನ ಚಿಕ್ಕಪ್ಪನ ಮಗಳು ಊರಿನಲ್ಲಿ ಈ ಯಂತ್ರ ಬಳಸುವಾಗ ‘ಆರೋಹಿಸಲು ಸಾಧ್ಯವಾಗಿಲ್ಲ’ ಎಂಬ ಸಾಲು ಬಂತು. “ಅಕ್ಕಾ, ಇದು ಎಲ್ಲಿ ಏರಬೇಕಂತ?” ಎಂದು ಕೇಳಿದಳು. ಆಮೇಲೆ ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿಕೊಂಡಳು. ಆರೋಹಣ ಅವರೋಹಣ ಸಂಗೀತದ ಪಾಠದಲ್ಲಿರಲಿ. ನಮ್ಮ ಕಡೆ ಎತ್ತನ್ನು ಬಂಡಿಗೆ ‘ಹೂಡು’ತ್ತಾರೆ, ಕೆಲಸ ಮುಗಿದ ಮೇಲೆ ಕೊಳ್ಳು ಹರಿದು ‘ಬಿಡು’ತ್ತಾರೆ. ‘ಜೋಡಿಸು’, ‘ಬಿಡಿಸು’ ಎಂದಿದ್ದರೂ ಆ ಹುಡುಗಿಗೆ ಕೆಲಸ ಅರ್ಥವಾಗುತ್ತಿತ್ತು.

‘ಗುಪ್ತಪದ’, ‘ಪೂರ್ವನಿಯೋಜಿತ’ಗಳದ್ದೂ ಇದೇ ಸಮಸ್ಯೆ. ಇದನ್ನು ಸಂಸ್ಕೃತ, ಅಚ್ಚಗನ್ನಡ, ಇಂಗ್ಲಿಷ್ ಎಂಬ ಹಳೆಯ ಜಗಳಕ್ಕೆ ಎಳೆಯಬೇಕಿಲ್ಲ. ಪಾಸ್‌ವರ್ಡ್ ಎಲ್ಲರ ಬಾಯಲ್ಲಿದೆ, ಅದು ಹಾಗೆಯೇ ಇರಬಹುದು. ಕಡತ ಎಲ್ಲರ ಬಾಯಲ್ಲಿಲ್ಲ, ಆದರೂ ಒಮ್ಮೆ ಹೇಳಿಕೊಟ್ಟರೆ ಉಳಿಯುತ್ತದೆ. ಪದ ಎಲ್ಲಿಂದ ಬಂತೆಂಬುದಕ್ಕಿಂತ, ಕೈ ಮಾಡುತ್ತಿರುವ ಕೆಲಸವನ್ನು ಅದು ತೋರಿಸುತ್ತದೆಯೇ ಎಂಬುದು ಮುಖ್ಯ.

ಪದ ಬದಲಿಸಿದರೂ ಹೋಗದ ತೊಡಕೊಂದು ವ್ಯಾಕರಣದಲ್ಲಿದೆ. ಇಂಗ್ಲಿಷ್ ವಾಕ್ಯದಲ್ಲಿ ಕಡತದ ಹೆಸರಿಗೆ ಒಂದು ಖಾಲಿ ಜಾಗ ಬಿಟ್ಟಿರುತ್ತಾರೆ. ಹೆಸರು ಯಾವುದಾದರೂ ಆ ವಾಕ್ಯ ಕೆಡುವುದಿಲ್ಲ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ನಾಮಪದಕ್ಕೆ ಅಂಟಬೇಕು, ಅಂಟುವಾಗ ಸಂಧಿಯಾಗಬೇಕು: ಕವಿತೆಯನ್ನು, ಪುಸ್ತಕವನ್ನು. ಮುಂದೆ ಯಾವ ಹೆಸರು ಬಂದು ಕೂರುತ್ತದೆಂದು ಅನುವಾದಕರಿಗೆ ತಿಳಿಯದ ಕಾರಣ ಪ್ರತ್ಯಯ ಬೇರೆಯೇ ನಿಲ್ಲುತ್ತದೆ: ‘ಕವಿತೆ ಅನ್ನು’, ‘ಪುಸ್ತಕ ಅನ್ನು’. 13ನೇ ಶತಮಾನದ ಕೇಶಿರಾಜನಿಗೆ ಈ ಒಂಟಿ ‘ಅನ್ನು’ ತೋರಿಸಿದರೆ ಏನನ್ನುತ್ತಿದ್ದನೋ! ದಾರಿ ಇಲ್ಲದಿಲ್ಲ. ‘ಕವಿತೆ ಎಂಬ ಕಡತವನ್ನು’ ಎಂದರೆ ಪ್ರತ್ಯಯ ಗೊತ್ತಿರುವ ಪದಕ್ಕೆ ಅಂಟುತ್ತದೆ, ವಾಕ್ಯ ಕನ್ನಡವಾಗುತ್ತದೆ. ಇಂಥ ಉಪಾಯ ಹೊಳೆಯಲು ಪ್ರೋಗ್ರಾಮಿಂಗ್ ಬೇಕಿಲ್ಲ, ಎಂ.ಎ. ತರಗತಿಯ ವ್ಯಾಕರಣ ಸಾಕು.

ಮೂರನೆಯ ಕೊರತೆ, ಅರ್ಧಕ್ಕೆ ನಿಂತ ಕೆಲಸ. ಹಳೆಯ ಭಾಗಗಳಲ್ಲಿ ಕನ್ನಡ, ಈಚೆಗೆ ಸೇರಿದ ಭಾಗಗಳಲ್ಲಿ ಇಂಗ್ಲಿಷ್. ಒಂದೇ ಕಿಟಕಿಯಲ್ಲಿ ಎರಡೂ ಬೆರೆತು ಕೂತಿರುತ್ತವೆ. ಒಂದು ಕಾಲದಲ್ಲಿ ರೆಡ್‌ಹ್ಯಾಟ್ ಕಂಪನಿಯ ಪುಣೆಯ ಕಚೇರಿಯಲ್ಲಿ ಭಾರತೀಯ ಭಾಷೆಗಳ ಅನುವಾದಕ್ಕೆಂದೇ ತಂಡವಿತ್ತು. ಸ್ವಯಂಸೇವಕರೂ ದುಡಿದರು, ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟುಗಳು ಅಂಥ ದುಡಿಮೆಯ ಫಲ. ಸಾಹಿತ್ಯದವರು ದೂರ ನಿಂತಿದ್ದರೆಂದೂ ಹೇಳುವಂತಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ಒತ್ತಾಸೆಯಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ‘ಕುವೆಂಪು ಕನ್ನಡ ತಂತ್ರಾಂಶ’ವನ್ನು ತಂದಿತ್ತು. ಆದರೆ ನಮ್ಮ ಚರ್ಚೆ ಹೆಚ್ಚಾಗಿ ಅಕ್ಷರ ಮೂಡಿಸುವುದರ ಸುತ್ತ ನಡೆಯಿತು. ಅಕ್ಷರ ಮೂಡಿತು, ಮೂಡಿದ ಅಕ್ಷರಗಳಲ್ಲಿ ಯಂತ್ರ ನಮ್ಮೊಡನೆ ಏನು ಮಾತಾಡುತ್ತದೆ ಎಂಬ ಪ್ರಶ್ನೆ ಹಿಂದುಳಿಯಿತು.

ಕೆಲಸದ ಭಾಷೆಯ ಈ ಪ್ರಶ್ನೆಗೆ ಅಳತೆಗೋಲು ಹುಡುಕಿದರೆ ನನಗೆ ಸಿಗುವುದು ನಮ್ಮೂರು ಸಂತೆಕಲ್ಲೂರಿನಲ್ಲೇ. 19ನೇ ಶತಮಾನದಲ್ಲಿ ಇಲ್ಲಿನ ಘನಮಠದ ನಾಗಭೂಷಣ ಶಿವಯೋಗಿಗಳು ‘ಕೃಷಿ ಜ್ಞಾನ ಪ್ರದೀಪಿಕೆ’ ಎಂಬ ಬೇಸಾಯದ ಗ್ರಂಥ ಬರೆದರು. ಹೈದರಾಬಾದ್ ಸಂಸ್ಥಾನದ ಆಡಳಿತ ಆಗ ಪಾರ್ಸಿಯಲ್ಲಿ, ಆಮೇಲೆ ಉರ್ದುವಿನಲ್ಲಿ ನಡೆಯುತ್ತಿತ್ತು. ಅಂಥ ಕಾಲದಲ್ಲಿ ಒಂದು ಕಸುಬಿನ ಜ್ಞಾನವನ್ನು ಆ ಕಸುಬಿನವರ ಕನ್ನಡದಲ್ಲೇ ಇಡಲು ಅವರು ಮುಂದಾದರು. ಇದೇ ಸೀಮೆಯ ಮಸ್ಕಿಯಲ್ಲಿ ಅಶೋಕನ ಬಂಡೆ ಶಾಸನವಿದೆ. 1915ರಲ್ಲಿ ಬೆಳಕಿಗೆ ಬಂದ ಅದು ಅಶೋಕನ ಹೆಸರನ್ನೇ ಹೇಳುವುದರಿಂದ ಹೆಸರುವಾಸಿ. ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಒಂದು ಮೇಲಿನಿಂದ ಇಳಿದು ಬಂದ ಮಾತು, ಇನ್ನೊಂದು ನೆಲದಿಂದ ಎದ್ದ ಮಾತು. ಪರದೆಯ ಕನ್ನಡ ಇವೆರಡರ ನಡುವೆ ಸಿಕ್ಕಿಕೊಂಡಿದೆ: ಲಿಪಿ ನಮ್ಮದು, ವಾಕ್ಯ ದೂರದ ಊರಿನದು.

“ಕನ್ನಡದಲ್ಲಿ ಕಂಪ್ಯೂಟರ್ ಬಳಸುವವರು ಯಾರಿದ್ದಾರೆ?” ಎಂದು ಸ್ನೇಹಿತರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಮುಕ್ತ ತಂತ್ರಾಂಶದ ಬಗ್ಗೆ ಎರಿಕ್ ರೇಮಂಡ್ 1997ರಲ್ಲಿ ಬರೆದ ಹೆಸರಾಂತ ಪ್ರಬಂಧ ‘ದಿ ಕೆಥೆಡ್ರಲ್ ಅಂಡ್ ದಿ ಬಜಾರ್’ ಲಿನಕ್ಸನ್ನು ಗದ್ದಲದ ಬಜಾರಿಗೆ ಹೋಲಿಸುತ್ತದೆ. ಹೆಸರಿನಲ್ಲೇ ಸಂತೆ ಇರುವ ಊರಿನವಳಾಗಿ ನಾನು ಆ ಹೋಲಿಕೆಗೆ ಒಂದು ಮಾತು ಸೇರಿಸುತ್ತೇನೆ. ಸಂತೆಯಲ್ಲಿ ಮಾಲು ಸುಧಾರಿಸುವುದು ಮಾರುವವರಿಂದ ಮಾತ್ರವಲ್ಲ. ಜೋಳವನ್ನು ಅಂಗೈಯಲ್ಲಿ ಹಾಕಿ ನೋಡಿ, “ಹುಳ ಬಿದ್ದಾವ, ಒಲ್ಲೆ” ಎಂದು ಮುಖಕ್ಕೆ ಹೇಳುವ ಗಿರಾಕಿಯಿಂದಲೂ ಸುಧಾರಿಸುತ್ತದೆ. ಮುಂದಿನ ವಾರ ವ್ಯಾಪಾರಿ ಒಳ್ಳೆಯ ಜೋಳ ತರುತ್ತಾನೆ. ಪರದೆಯ ಕನ್ನಡದ ಗಿರಾಕಿ ಏನೂ ಹೇಳದೆ ಪಕ್ಕದ ಇಂಗ್ಲಿಷ್ ಅಂಗಡಿಗೆ ಹೋಗುತ್ತಾನೆ. ನನ್ನ ತಂಗಿಯೂ ಹಾಗೆಯೇ ಹೋದಳು. ಅವಳು ಕೇಳಿದ ಪ್ರಶ್ನೆ ಅನುವಾದಕರನ್ನು ಮುಟ್ಟಲಿಲ್ಲ. ಬೈಯುವ ಗಿರಾಕಿ ಇರುವತನಕ ಅಂಗಡಿ ತೆರೆದಿರುತ್ತದೆ. ಅದನ್ನು ಮುಚ್ಚಿಸುವುದು ಮೌನ.

ಹಾಗಾಗಿ ಇಲ್ಲಿ ಕೊರತೆ ಅನುವಾದಕರದ್ದಷ್ಟೇ ಅಲ್ಲ, ವಿಮರ್ಶಕರದ್ದು ಕೂಡ. ಅಚ್ಚಾದ ಕಾದಂಬರಿಯ ಒಂದು ಸಾಲು ಸರಿಯಿಲ್ಲವೆಂದು ನಾವೆಷ್ಟು ಬರೆದರೂ ಆ ಸಾಲು ಬದಲಾಗುವುದಿಲ್ಲ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದಾಗಿನಿಂದ ಬೆಳೆದು ಬಂದ ಮುಕ್ತ ತಂತ್ರಾಂಶದ ಕಲ್ಪನೆಯಲ್ಲಿ ಓದುವ, ತಿದ್ದುವ, ತಿದ್ದಿದ್ದನ್ನು ಹಂಚುವ ಸ್ವಾತಂತ್ರ್ಯಗಳು ಸೇರಿವೆ. ಇಲ್ಲಿ ‘ಆರೋಹಿಸು’ ಸರಿಯಿಲ್ಲ ಎಂಬ ಟಿಪ್ಪಣಿ ಒಪ್ಪಿಗೆಯಾದರೆ ಮುಂದಿನ ಆವೃತ್ತಿಯಲ್ಲಿ ಪದವೇ ಬದಲಾಗುತ್ತದೆ. ವಿಮರ್ಶೆಗೆ ಇಷ್ಟು ನೇರವಾದ ಫಲ ಬೇರೆಲ್ಲೂ ಸಿಗದು.

ಗ್ನೋಮ್ ಆರು ತಿಂಗಳಿಗೊಮ್ಮೆ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಹೊಸ ಆವೃತ್ತಿ ತರುತ್ತದೆ. ನಮ್ಮ ಸೆಮಿಸ್ಟರಿನ ಲೆಕ್ಕವೂ ಹೆಚ್ಚುಕಡಿಮೆ ಅದೇ. ಅನುವಾದದ ಪತ್ರಿಕೆ ಓದುವ ಒಂದು ತರಗತಿ ಒಂದು ಸೆಮಿಸ್ಟರಿನಲ್ಲಿ ಒಂದೇ ಒಂದು ಅನುವಾದ ಕಡತವನ್ನು ತೆರೆದು, ಸಾಲು ಸಾಲಾಗಿ ಓದಿ, ಒಂಟಿಯಾಗಿ ನಿಂತ ‘ಅನ್ನು’ಗಳನ್ನು ನಾಮಪದಕ್ಕೆ ಅಂಟಿಸಿದರೂ ಸಾಕು. ಆ ಸಾಲುಗಳ ಕೆಳಗೆ ಕವಿಯ ಹೆಸರಿರುವುದಿಲ್ಲ. ಆದರೆ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತ ಹುಡುಗಿಯೊಬ್ಬಳು ಅವನ್ನು ಓದಿ, ಅರ್ಥ ಮಾಡಿಕೊಂಡು, ಭಾಷೆ ಬದಲಿಸದೆ ಕೆಲಸ ಮುಂದುವರಿಸುತ್ತಾಳೆ.