ಮೂರೂವರೆ ಸ್ಟಾರ್

ಶುಕ್ರವಾರ ತೆರೆಕಂಡ ಸಿನಿಮಾಕ್ಕೆ ಶನಿವಾರ ಬೆಳಗಾಗುವಷ್ಟರಲ್ಲಿ ಸ್ಟಾರ್ ಬಿದ್ದಿರುತ್ತದೆ. ಆಮೇಲೆ ಪೋಸ್ಟರ್‌ಗೆ ಏರುವುದು ಆ ಅಂಕಿ ಮಾತ್ರ. ವಿಮರ್ಶಕ ತಲೆಕೆಡಿಸಿಕೊಂಡು ಬರೆದ ಸಾಲುಗಳನ್ನು ಕೇಳುವವರಿಲ್ಲ. ತಮಾಷೆಯೆಂದರೆ ಆ ಐದು ಸ್ಟಾರ್‌ಗಳೂ ಪೂರ್ತಿ ಬಳಕೆಯಾಗುವುದಿಲ್ಲ. ಒಂದು ಕೊಟ್ಟರೆ ಚಿತ್ರತಂಡಕ್ಕೆ ಮುನಿಸು, ಐದು ಕೊಟ್ಟರೆ ಓದುಗರಿಗೆ ಗುಮಾನಿ. ಹಾಗಾಗಿ ಹೆಚ್ಚಿನ ತೀರ್ಪುಗಳು ಎರಡೂವರೆ ಮತ್ತು ಮೂರೂವರೆಯ ನಡುವೆಯೇ ಮುಗಿದುಹೋಗುತ್ತವೆ. ಆದರೆ ಅಳತೆಪಟ್ಟಿ ಗಿಡ್ಡವಾಯಿತು ಎಂಬುದಲ್ಲ ನನ್ನ ತಕರಾರು. ಗುಣ ಮತ್ತು ದೋಷ ಎರಡನ್ನೂ ಕೂಡಿಸಿ ಭಾಗಿಸುವ ಈ ಲೆಕ್ಕದಲ್ಲಿ ಎರಡೂ ಕಾಣೆಯಾಗುತ್ತವೆ.

ರಕ್ಷಿತ್ ಶೆಟ್ಟಿ 2014ರಲ್ಲಿ ನಿರ್ದೇಶಿಸಿದ ‘ಉಳಿದವರು ಕಂಡಂತೆ’ಯನ್ನೇ ನೋಡಿ. ಮಲ್ಪೆಯ ಕಡಲು, ಕರಾವಳಿಯ ಮಾತು, ಹುಲಿವೇಷದ ಕುಣಿತ, ಅಜನೀಶ್ ಲೋಕನಾಥ್ ಸಂಗೀತ, ನಡೆದುಹೋದ ಒಂದು ಘಟನೆಯನ್ನು ಬೇರೆಬೇರೆಯವರ ಕಣ್ಣಲ್ಲಿ ಬಿಡಿಸಿಡುವ ಅಧ್ಯಾಯಗಳು: ಇವುಗಳಲ್ಲಿ ಅದು ಆವರೆಗಿನ ಕನ್ನಡ ಸಿನಿಮಾಕ್ಕಿಂತ ಬಹಳ ಮುಂದಿತ್ತು. ಕಥೆ ಮಾತ್ರ ಆಮೆನಡಿಗೆಯದು. ಎಷ್ಟೋ ಕಡೆ ತಾಳ್ಮೆ ಪರೀಕ್ಷಿಸುತ್ತದೆ. ಇವೆರಡನ್ನೂ ತೂಗಿದವರು ಮೂರು ಕೊಟ್ಟರೆ ತಪ್ಪೆನ್ನಲಾಗದು. ಆದರೆ ಯಾವುದರಲ್ಲೂ ಎದ್ದೂ ಕಾಣದ, ಬಿದ್ದೂ ಹೋಗದ ಸಾಧಾರಣ ಕೌಟುಂಬಿಕ ಚಿತ್ರಕ್ಕೂ ಅದೇ ಮೂರು ಸಿಗುತ್ತದಲ್ಲ! ಗಲ್ಲಾಪೆಟ್ಟಿಗೆಯಲ್ಲಿ ದೊಡ್ಡ ಗೆಲುವು ಕಾಣದ ‘ಉಳಿದವರು’ ಬಗ್ಗೆ ಜನ ಇಂದಿಗೂ ಮಾತಾಡುತ್ತಾರೆ, ಸಾಧಾರಣ ಚಿತ್ರದ ಹೆಸರೂ ನೆನಪಿರುವುದಿಲ್ಲ. ಆ ಫರಕು ಯಾವುದೆಂದು ಮೊದಲ ವಾರವೇ ಹೇಳುವುದು ವಿಮರ್ಶೆಯ ಕೆಲಸ. ಸ್ಟಾರ್ ಅದನ್ನು ಅಳಿಸಿಹಾಕುತ್ತದೆ.

ಹಾಗಿದ್ದರೆ ಅಳತೆಯನ್ನು ಇನ್ನಷ್ಟು ಸೂಕ್ಷ್ಮ ಮಾಡಿದರಾಯಿತಲ್ಲ ಎನ್ನಬಹುದು. ವಿಡಿಯೊ ಗೇಮ್ ವಿಮರ್ಶೆಯವರು ಅದನ್ನೂ ಮಾಡಿ ನೋಡಿದ್ದಾರೆ. 2010ರ ‘ಫಾಲೌಟ್: ನ್ಯೂ ವೇಗಸ್’ಗೆ ವಿಮರ್ಶಕರ ಅಂಕಗಳ ಸರಾಸರಿ ತೆಗೆಯುವ ಜಾಲತಾಣ ಮೆಟಾಕ್ರಿಟಿಕ್‌ನಲ್ಲಿ ನೂರಕ್ಕೆ 85 ಬಂದಿದ್ದರೆ ತಯಾರಿಸಿದ ಅಬ್ಸಿಡಿಯನ್ ಸಂಸ್ಥೆಗೆ ಬೋನಸ್ ಸಿಗುತ್ತಿತ್ತು, ಬಂದದ್ದು 84. ಆ ಒಂದು ಅಂಕದಲ್ಲಿ ಆಟದ ಯಾವ ಗುಣ ಕಡಿಮೆಯಾಯಿತು ಎಂದು ಯಾರೂ ತೋರಿಸಲಾರರು. ಅತ್ತ ತೀರಾ ಸರಳ ಮಾಡಿದವರ ಪಾಡೂ ಅಷ್ಟೇ. ನೆಟ್‌ಫ್ಲಿಕ್ಸ್ 2017ರಲ್ಲಿ ಐದು ಸ್ಟಾರ್ ಕೈಬಿಟ್ಟು ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ ಎಂದಿತು. ಇಷ್ಟಕ್ಕೂ ತುಂಬಾ ಇಷ್ಟಕ್ಕೂ ನಡುವೆ ಗೆರೆ ಬೇಕೆಂದು 2022ರಲ್ಲಿ ಎರಡು ಹೆಬ್ಬೆರಳಿನ ಗುಂಡಿ ಸೇರಿಸಬೇಕಾಯಿತು.

ಎದುರುವಾದಕ್ಕೂ ಬಲವಿದೆ. ಗೇಮ್ ಪತ್ರಿಕೆ ಯೂರೋಗೇಮರ್ 2015ರಲ್ಲಿ ಅಂಕಗಳನ್ನು ಬಿಟ್ಟು ‘ಶಿಫಾರಸು’, ‘ಆಡಬೇಡಿ’ ಎಂಬಂಥ ಮುದ್ರೆಗಳಿಗೆ ಹೋಯಿತು, 2023ರಲ್ಲಿ ಐದು ಸ್ಟಾರ್‌ಗೇ ಮರಳಿತು. ಭಾನುವಳ್ಳಿಯಿಂದ ಹೆಂಡತಿ ಮಕ್ಕಳೊಡನೆ ಬಸ್ಸು ಹತ್ತಿ ದಾವಣಗೆರೆಗೆ ಸಿನಿಮಾ ನೋಡಲು ಬರುವವನಿಗೆ ಉದ್ದದ ವಿಮರ್ಶೆ ಓದುತ್ತ ಕೂರಲು ಪುರಸೊತ್ತೆಲ್ಲಿ? ಒಪ್ಪಿದೆ. ಆದರೆ ಅವನ ಪ್ರಶ್ನೆಗಾದರೂ ಸ್ಟಾರ್ ಉತ್ತರಿಸುತ್ತದೆಯೇ? ಮಕ್ಕಳು ನೋಡಬಹುದೇ, ಹೊಡೆದಾಟ ಎಷ್ಟಿದೆ, ನಗು ಇದೆಯೇ, ಟಿವಿಗೆ ಬರುವ ತನಕ ಕಾದರೆ ನಷ್ಟವೇನು ಎಂಬುದು ಅವನಿಗೆ ಬೇಕು. ಮೂರೂವರೆಯಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಇದಕ್ಕೆ ಎರಡೇ ಎರಡು ಸಾಲು ಸಾಕು.

ಸಾಮಾನ್ಯ ಪ್ರೇಕ್ಷಕರಿಗೆ ಬಿಡಿಬಿಡಿಯಾಗಿ ತೂಗುವ ವ್ಯವಧಾನವಿಲ್ಲ ಎನ್ನುವವರು ಕಂಪನಿ ನಾಟಕದ ಊರಾದ ದಾವಣಗೆರೆಯಲ್ಲಿ ಈ ಮಾತು ಆಡಬಾರದು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು. ಕಂಪನಿ ನಾಟಕದಲ್ಲಿ ಜನ ‘ಒನ್ಸ್ ಮೋರ್’ ಕೂಗುವುದು ಇಡೀ ನಾಟಕಕ್ಕಲ್ಲ, ಮೆಚ್ಚಿದ ಆ ಹಾಡಿಗೆ, ಆ ಮಾತಿಗೆ. ಮುಂದಿನ ದೃಶ್ಯ ಸಪ್ಪೆಯಾದರೆ ಅದೇ ಜನ ಶಿಳ್ಳೆ ಹೊಡೆದು ಪರದೆ ಎಳೆಸುತ್ತಾರೆ. ಹೀಗೆ ಕುಳಿತಲ್ಲೇ ಬಿಡಿಸಿ ತೂಗಬಲ್ಲ ಪ್ರೇಕ್ಷಕರ ಕೈಗೆ ಮೂರೂವರೆ ಕೊಟ್ಟು ಕಳಿಸುವ ವಿಮರ್ಶಕ, ಅವರಿಗಿಂತ ಕಡಿಮೆ ಕೆಲಸ ಮಾಡಿದ್ದಾನೆ.